ಕತ್ತಲಲ್ಲಿ ಹೋದ ರಕ್ತ

ಆಪರೇಷನ್ ಥಿಯೇಟರಿನ ಮುಂದಿನ ಬೆಂಚಿನ ಮೇಲೆ ಆವತ್ತು ಮೂವರು ಕೂತಿದ್ದೆವು: ನಾನು, ದೇವಲಾಪುರದ ದೊಡ್ಡಪ್ಪ, ಅರಕೆರೆಯ ನನ್ನ ಸೋದರಮಾವ. ಒಳಗೆ ಮಲಗಿದ್ದವಳು ದೊಡ್ಡವ್ವ. ದೊಡ್ಡಪ್ಪನ ಹೆಂಡತಿ, ಮಾವನ ಅಕ್ಕ. ತೊಂಬತ್ತರ ದಶಕದ ನಡುವಿನ ಮಾತು, ಮೈಸೂರಿನ ಒಂದು ಆಸ್ಪತ್ರೆ.

ಆ ವರ್ಷವೆಲ್ಲ ಇದೇ ಗೋಳು. ಅವಳು ಬಿಳಚಿಕೊಳ್ಳೋದು, ನಾವು ರಕ್ತ ಕೊಡಿಸೋದು, ಊರಿಗೆ ಕರೆತರೋದು, ರಾಗಿ ಹೊಲದ ಕಳೆ ಮುಗಿಯುವಷ್ಟರಲ್ಲಿ ಮತ್ತೆ ಬಿಳಚಿಕೊಳ್ಳೋದು. ನಾಗಮಂಗಲದ ಡಾಕ್ಟರಿಗೆ ಕಬ್ಬಿಣದ ಮಾತ್ರೆ ಬರೆದು ಬರೆದು ಸಾಕಾಗಿತ್ತು. ಮೈಸೂರಲ್ಲಿ ಬಾಯಿಂದ ತುದಿಯಲ್ಲಿ ದೀಪವಿರುವ ಕೊಳವೆ ಇಳಿಸಿ ನೋಡಿದರು, ಕೆಳಗಿಂದಲೂ ನೋಡಿದರು. ಏನೂ ಇಲ್ಲವಂತೆ. ಹಂಗಾದರೆ ರಕ್ತ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಅವರಿಗೇ ಸಿಟ್ಟು.

ಮಲ ಕಪ್ಪಗೆ ಹೋಗುತ್ತಾ ಅಂತ ಯಾರು ಕೇಳಿದರೂ ದೊಡ್ಡವ್ವ ಸೆರಗು ಬಾಯಿಗೆ ಹಿಡಿದು ಗೋಡೆಗೆ ತಿರುಗುತ್ತಿದ್ದಳು. ಅವಳ ಪರವಾಗಿ ದೊಡ್ಡಪ್ಪ "ಇಲ್ಲ ಬುಡಿ ಸಾಮಿ" ಅಂದುಬಿಡುತ್ತಿದ್ದ. ಕೊನೆಗೊಮ್ಮೆ ನನ್ನ ಕಿವಿಯಲ್ಲಿ ಅಂದಳು: "ಕೋಳಿ ಕೂಗೋಕ್ ಮುಂಚೆ ಚೊಂಬು ಇಡ್ಕಂಡು ಬೇಲಿ ಸಂದಿಗೆ ಓಗೋರು ನಾವು. ಆ ಕತ್ಲಲ್ಲಿ ಕೆಂಪೋ ಕರಿಯೋ ಯಾರ್ ನೋಡವ್ರೆ?"

ನಾನು ಹೇಳಿದ ಮೇಲೆ ನರ್ಸು ಪಾತ್ರೆ ಇಟ್ಟು ನೋಡಿದರೆ ಡಾಂಬರಿನಂತಿತ್ತು. ಹೊಟ್ಟೆಯೊಳಗೆ ಸೋರಿದ ರಕ್ತ ಹಾಗೆ ಕಪ್ಪಾಗಿ ಹೋಗುತ್ತದಂತೆ. ಕೊಳವೆ ಎರಡೂ ಕಡೆಯಿಂದ ಮುಟ್ಟದ ಸಣ್ಣ ಕರುಳಲ್ಲೇ ಸೋರುತ್ತಿರಬೇಕು, ಹೊಟ್ಟೆ ಕೊಯ್ದು ಕರುಳೊಳಗೇ ಕೊಳವೆ ಬಿಟ್ಟು ಹುಡುಕುತ್ತೇವೆ ಅಂದರು ಸರ್ಜನ್ನು. ಸಿಗದಿದ್ದರೆ? ಅದಕ್ಕೆ ಅವರು ಸಹಿ ಹಾಕುವ ಕಾಗದ ಮುಂದಿಟ್ಟರು.

"ನೀನ್ ನೋಡಿದ್ಯಾ ಭಾವ, ಇಲ್ಲ ಇಲ್ಲ ಅಂತಿದ್ಯಲ್ಲ?" ಬೆಂಚಿನ ಮೇಲೆ ಮಾವ ಶುರು ಮಾಡಿದ.

"ಎಂಡ್ರು ಬೇಲಿ ಸಂದಿಗೆ ಓದ್ರೆ ಇಂದ್ಗಡೆ ಬ್ಯಾಟ್ರಿ ಇಡ್ಕಂಡ್ ಓಗ್ಬೇಕಿತ್ತೇನ್ಲಾ?"

"ಓಗ್ಬ್ಯಾಡ. ಗೊತ್ತಿಲ್ಲ ಅನ್ನಕ್ ಏನಾಗಿತ್ತು ನಿಂಗೆ?"

ದೊಡ್ಡಪ್ಪ ಟವೆಲ್ಲು ಕೊಡವಿ ಅತ್ತ ತಿರುಗಿ ಕೂತ. ನನಗೆ ಇಬ್ಬರ ಮೇಲೂ ರೇಗುತ್ತಿತ್ತು.

ಮಧ್ಯಾಹ್ನ ಸರ್ಜನ್ನು ಹೊರಗೆ ಬಂದರು. ಥಿಯೇಟರಿನ ದೀಪ ಆರಿಸಿ, ಕರುಳನ್ನು ಮಡಿಕೆ ಮಡಿಕೆಯಾಗಿ ಕೊಳವೆಗೆ ಏರಿಸುತ್ತ ಹೋದರಂತೆ. ಕೊಳವೆಯ ಬೆಳಕು ಕರುಳಿನ ಗೋಡೆ ದಾಟಿ ಹೊರಕ್ಕೆ ಕಾಣುತ್ತಿತ್ತಂತೆ. ಇನ್ನೊಬ್ಬ ಡಾಕ್ಟರು ಕೊಳವೆಯಲ್ಲಿ ಒಳಗಿಂದ, ಇವರು ಹೊರಗಿಂದ ನೋಡಿದರೂ ಮೊದಲ ಸಲ ಏನೂ ಸಿಗಲಿಲ್ಲ. ಕೊಳವೆ ವಾಪಸು ಎಳೆಯುವಾಗ ಸಾಸಿವೆ ಗಾತ್ರದ ಒಂದು ಕೆಂಪು ಚುಕ್ಕೆ ಕಂಡಿತು, ಅದರಿಂದ ರಕ್ತ ಜಿನುಗುತ್ತಿತ್ತು. ಆ ಚುಕ್ಕೆಯಿದ್ದಷ್ಟು ಕರುಳು ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿದಿದ್ದರು.

"ಸಾಸ್ವೆಯಷ್ಟಕ್ಕಾ ಸಾಮಿ?" ಅಂದ ದೊಡ್ಡಪ್ಪ.

ಆಮೇಲೆ ದೊಡ್ಡವ್ವನಿಗೆ ರಕ್ತ ಕೊಡಿಸಬೇಕಾಗಿ ಬರಲಿಲ್ಲ. ಆ ಸುಗ್ಗಿಯಲ್ಲಿ ಕಣಕ್ಕಿಳಿದು ಮೊರ ಹಿಡಿದು ರಾಗಿ ತೂರಿದಳು.