ಹೆಜ್ಜೆ ಸದ್ದಿಲ್ಲದ ಆಟ

ನನ್ನ ಬಾಮೈದ ಮೂವರು ಗೆಳೆಯರ ಜೊತೆ ಸೇರಿ ಒಂದು ಕಂಪ್ಯೂಟರ್ ಗೇಮ್ ಮಾಡಿದ್ದ. ಪರದೆಯಲ್ಲಿ ಕಾಣುವುದು ನಮ್ಮ ಕೈ, ಕೈಯಲ್ಲಿ ಕೋವಿ, ಸುತ್ತ ಶತ್ರುಗಳು. ಇಂಥವನ್ನು ನಾನು ಹತ್ತು ವರ್ಷದಿಂದ ಆಡುತ್ತಿರುವುದರಿಂದ, ಬಿಡುಗಡೆಗೆ ಮೊದಲು ಗುಣದೋಷ ಬರೆದುಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ.

ಒಳ್ಳೆಯದನ್ನು ಧಾರಾಳವಾಗಿಯೇ ಬರೆದೆ. ಮಾಕಳಿದುರ್ಗದ ಕೋಟೆಯನ್ನೇ ಎತ್ತಿ ಒಳಗಿಟ್ಟಿದ್ದರು. ಬಂಡೆ ಸಂದಿಯ ಮುಳ್ಳುಪೊದೆಯನ್ನೂ ಬಿಟ್ಟಿರಲಿಲ್ಲ. ಗುಂಡು ಹಾರಿಸಿದರೆ ಭುಜಕ್ಕೆ ಒದ್ದ ಹಾಗೆ ಪರದೆ ಅದುರುತ್ತಿತ್ತು. ಎಷ್ಟು ಗುಂಡು ಉಳಿದಿವೆ ಎಂದು ತೋರಿಸುವ ಅಂಕಿ ಇರುವೆಯಷ್ಟಿತ್ತು, ಅದನ್ನೂ ಕ್ಷಮಿಸಿದೆ. ಆದರೆ ಶತ್ರು ಬೆನ್ನ ಹಿಂದೆ ಬಂದು ನಿಂತರೂ ಹೆಜ್ಜೆ ಸದ್ದೇ ಇಲ್ಲ. ಹಿಂದಿನಿಂದ ಬರುವವನನ್ನು ಕಿವಿಯಿಂದ ತಾನೇ ಪತ್ತೆ ಹಚ್ಚಬೇಕು? ಅದಿಲ್ಲದ ಮೇಲೆ ಆಡುವುದೇನು, ಸುಮ್ಮನೆ ಸಾಯುತ್ತಿರುವುದು.

ಅವನು ಸದ್ದು ಹೆಚ್ಚಿಸಿ ಕಳಿಸಿದ. ಕೇಳಲಿಲ್ಲ. ಮತ್ತೆ ಕಳಿಸಿದ. ಆಗಲೂ ಇಲ್ಲ. ಮೂರನೆಯ ಸಲ ಫೋನಿನಲ್ಲೇ ಉಗಿದೆ.

"ಬೇರೆಯವ್ರಿಗೆಲ್ಲ ಕೇಳ್ಸುತ್ತೆ ಭಾವ."

"ಹಂಗಾದ್ರೆ ಅವ್ರ ಹತ್ರಾನೇ ಬರೆಸ್ಕೊಳಪ್ಪ," ಎಂದು ಕಟ್ ಮಾಡಿದೆ.

ಪಾಪ, ನನ್ನ ಮಾತಿಗೆ ಬೆಲೆ ಕೊಟ್ಟು ಬಿಡುಗಡೆ ಮುಂದೂಡಿದ. ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ದೊಡ್ಡಬಳ್ಳಾಪುರದ ನಮ್ಮ ಮನೆಗೇ ಬಂದ. ಮನೆಯ ಕೆಳಗೆ ನಮ್ಮ ಆರು ಕರೆಂಟ್ ಮಗ್ಗಗಳು ಅಪ್ಪನ ಕಾಲದಿಂದ ಬಡಿದುಕೊಳ್ಳುತ್ತಿವೆ. ಆಟದ ಸದ್ದೆಲ್ಲ ಆ ಬಡಿತದಲ್ಲೇ ಮುಳುಗುತ್ತಿದೆ ಎಂಬುದು ಅವನ ಅನುಮಾನ. ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತವು. ಬ್ಯಾಟರಿಯಲ್ಲಿ ಆಟ ಹಾಕಿಕೊಟ್ಟ. ಹೆಡ್‌ಫೋನ್ ಹಾಕಿಕೊಂಡೆ. ಅದೇ ಮೌನ, ಅದೇ ಸಾವು. ನನಗೆ ರೇಗಿಹೋಯಿತು. ನ್ಯಾಯ ತೀರ್ಮಾನವಾಗಲೆಂದು ಅಡುಗೆಮನೆಯಲ್ಲಿದ್ದ ಹೆಂಡತಿಯನ್ನೇ ಕರೆದೆ.

"ನಿನ್ನ ತಮ್ಮ ಅಂತ ಪಕ್ಷ ವಹಿಸ್ಬೇಡ. ನಿಜ ಹೇಳು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡಳು. ಜನ್ಮದಲ್ಲಿ ಇಂಥ ಆಟ ಮುಟ್ಟಿದವಳಲ್ಲ. ಅರೆಗಳಿಗೆಯಲ್ಲಿ ಎಡಕ್ಕೆ ತಿರುಗಿ, "ಯಾರೋ ಬರ್ತಾವ್ರೆ. ತರಗೆಲೆ ಮೇಲೆ ನಡೀತಾವ್ರೆ," ಎಂದಳು.

ಕಿತ್ತುಕೊಂಡು ಮತ್ತೆ ಹಾಕಿಕೊಂಡೆ. ಏನೂ ಇಲ್ಲ. ಬಾಮೈದನ ಮೇಲೆ ರೇಗಲೂ ಆಗದೆ, "ನಾನು ಬರೆದ ಆ ದೋಷ ಹೊಡೆದುಹಾಕು, ಬಿಡುಗಡೆ ಮಾಡು," ಎಂದೆ. ಒಳಗೊಳಗೇ ಭಯವಾಗಿತ್ತು.

ಮಗ್ಗದ ಮನೆಗಳಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಹಾಗಾಗಿ ಯಾರ ಕಿವಿ ಎಷ್ಟು ಹೋಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ತ್ಯಾಮಗೊಂಡ್ಲುವಿನ ತೋಟದ ಮನೆಯಿಂದ ಮದುವೆಯಾಗಿ ಬಂದ ಇವಳೊಬ್ಬಳದೇ ಮೆಲುದನಿ.

"ಎಷ್ಟೋ ಸಲ ನಾನು ಮಾತಾಡ್ಸಿದ್ರೂ ನೀವು ತಿರುಗ್ತಾನೇ ಇರ್ಲಿಲ್ಲ. ಅಸಡ್ಡೆ ಅಂದ್ಕೊಂಡು ಸುಮ್ನಾಗ್ಬಿಟ್ಟೆ ಕಣ್ರೀ," ಎಂದು ಹತ್ತಿರ ಬಂದು ಜೋರಾಗಿಯೇ ಹೇಳಿದಳು.

ನಾನೋ, ಇವಳಿಗೆ ಮಾತು ಕಡಿಮೆ ಎಂದು ಹನ್ನೊಂದು ವರ್ಷದಿಂದ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೆ.