ಬಾವಿದಂಡೆಯ ಅಡ್ಡಗೋಡೆ

ಮನ್ನಳ್ಳಿಯಲ್ಲಿ ಅಕ್ಕನ ಗಂಡ, ನಮ್ಮ ಮಾವ, ಬಾವಿ ತೋಡಿಸುತ್ತಿದ್ದ ಬೇಸಿಗೆ ಅದು. ಬೀದರದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿಕೊಂಡಿದ್ದ ನನ್ನನ್ನೂ ಕರೆಸಿಕೊಂಡಿದ್ದರು. ಮೇಲಿನ ಕೆಂಪು ಕಲ್ಲು ಮುಗಿದು ಕರಿಕಲ್ಲು ಸಿಕ್ಕಿತ್ತು. ಅದನ್ನು ಮದ್ದು ತುಂಬಿ ಸಿಡಿಸಬೇಕು, ಒಸರುವ ನೀರನ್ನು ಎಣ್ಣೆ ಇಂಜಿನ್ನಿನಿಂದ ಎತ್ತಬೇಕು. ನಿಜಾಮರ ಸೀಮೆಯ ನಮ್ಮ ಕಡೆ ಆಗ ಇಂಜಿನ್ ಅಪರೂಪ. ಬಂಡಿಯಲ್ಲಿ ತಂದು ದಂಡೆಯ ಮೇಲೆ ಕೂರಿಸಿದ್ದರು.

ಮೊದಲ ಸಿಡಿತಕ್ಕೇ ಅದರ ಎಣ್ಣೆಬಟ್ಟಲಿನ ಗಾಜು ಒಡೆಯಿತು. ಸುತ್ತ ಹುಡುಕಿದರೂ ಒಂದು ಕಲ್ಲಿನ ಚೂರೂ ಸಿಗಲಿಲ್ಲ.

“ಕಲ್ಲು ಬಡದಿಲ್ಲ, ಮತ್ತ ಹ್ಯಾಂಗ ಒಡೀತು?” ಎಂದರು ಮಾವ.

“ಸಿಡಿತದ ಗಾಳಿ ಬಡದದರಿ,” ಎಂದೆ.

ಹೈದರಾಬಾದಿನಿಂದ ಹೊಸ ಗಾಜು ಬರುವಷ್ಟರಲ್ಲಿ ಇಂಜಿನ್ ಸುತ್ತ ಕಲ್ಲಿನ ಕೋಣೆ ಎಬ್ಬಿಸಿ, ಪೈಪು ಎಳೆಯಲು ಸಲೀಸಾಗಲೆಂದು ಬಾವಿಯ ಕಡೆಗೇ ಬಾಗಿಲಿಟ್ಟೆ. ಮುಂದಿನ ಸಿಡಿತಕ್ಕೆ ಬಾಗಿಲು ಕಿತ್ತು ಒಳಗೆ ಬಿತ್ತು. ಒಳನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಹಿಂದಿನ ಗೋಡೆಯೂ ಬಿರುಕುಬಿಟ್ಟಿತ್ತು. ಗಾಜು ಉಳಿದದ್ದೇ ದೊಡ್ಡದು. ಬರೀ ಗಟ್ಟಿಯಾಗಿ ಕಟ್ಟಿದರೆ ಸಾಲದೆಂದು ಅಂದು ಹೊಳೆಯಿತು.

ಬಾಗಿಲನ್ನು ಹಿಂದಕ್ಕೆ ತಿರುಗಿಸಿದೆ. ಮೇಲಿನ ಮಣ್ಣಿನ ಚಾವಣಿ ತೆಗೆದು ಹುಲ್ಲು ಹೊದಿಸಿದೆ. ಹಾರಿದರೆ ಅದಷ್ಟೇ ಹಾರಲಿ. ಬಾವಿಗೂ ಕೋಣೆಗೂ ನಡುವೆ, ಕೋಣೆಗೆ ತಾಗದಂತೆ, ಹೊಟ್ಟೆಯಲ್ಲಿ ಮಣ್ಣು ತುಂಬಿದ ದಪ್ಪನೆಯ ಅಡ್ಡಗೋಡೆ ಎಬ್ಬಿಸತೊಡಗಿದೆ.

ರೊಟ್ಟಿ ತಂದ ಅಕ್ಕ ನೋಡುತ್ತ ನಿಂತಳು.

“ಇಂಜಿನ್ನಿಗಿ ಗ್ವಾಡಿ. ನಮಗ ಏನೋ ತಮ್ಮಾ?”

“ನೀವು ಹೊಲದಾಗ ದೂರ ಹೋಗ್ತೀರಲ್ಲ ಅಕ್ಕಾ.”

“ಎಷ್ಟು ದೂರ ಓಡೂಣು? ಕಲ್ಲು ಹೊರಾಕಿ ಒಬ್ಬಾಕಿಗಿ ಒಂದು ಕಿವಿ ಕೇಳವಲ್ದು. ಗಾಜು ಹೈದರಾಬಾದಿಂದ ತರಸ್ತೀರಿ, ಕಿವಿ ಎಲ್ಲಿಂದ ತರಸ್ತೀರಿ?”

ಮರುದಿನ ಹೊಲದ ಅಂಚಿನಲ್ಲಿ ಜನರಿಗಾಗಿ ಅಂಥದೇ ಇನ್ನೊಂದು ಗೋಡೆ ಕಟ್ಟಲು ನೂಲು ಹಿಡಿದು ಗುರುತು ಹಾಕಿದೆ. “ಕೆಲಸ ತಡ ಆಗ್ತದ,” ಎಂದು ಮಾವ ಗೊಣಗಿದರು. ಅಕ್ಕ ಆ ಹೆಂಗಸನ್ನು ಕೈಹಿಡಿದು ಕರೆತಂದು ಅವರೆದುರು ನಿಲ್ಲಿಸಿದಳು. ಮಾವ ಏನೋ ಕೇಳಿದರು. ಆಕೆ ಕೇಳುವ ಇನ್ನೊಂದು ಕಿವಿಯನ್ನು ಅವರತ್ತ ತಿರುಗಿಸಿದಳು. ಆಮೇಲೆ ಮಾವ ತಾವೇ ಆ ಗೋಡೆಗೆ ಮಣ್ಣು ಹೊತ್ತು ಹಾಕಿದರು.

ಕೊನೆಯ ಸಿಡಿತದ ದಿನ ಎಲ್ಲರೂ ಆ ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೆವು. ನೆಲ ನಡುಗಿತು, ಎದೆಯೊಳಗೆ ಏನೋ ಗುದ್ದಿದಂತಾಯಿತು. ಇಂಜಿನ್ ಕೋಣೆಯ ಹುಲ್ಲು ಆಕಾಶಕ್ಕೆ ಹಾರಿತು. ಇಂಜಿನ್ ಮಾತ್ರ ಇದ್ದಂತೆಯೇ ಇತ್ತು.

ಮುಂದೆ ಭಾಲ್ಕಿ, ಔರಾದ ಕಡೆಯಿಂದ ಇಂಥ ಕೆಲಸಕ್ಕೆ ಕರೆ ಬಂದಾಗ, ಸಿಡಿಸುವಾಗ ಜನ ಎಲ್ಲಿ ಕೂರುತ್ತಾರೆ ಎಂದೇ ಮೊದಲು ಕೇಳುತ್ತಿದ್ದೆ. ಕೆಲವರು ನಕ್ಕು ಬೇರೆ ಗೌಂಡಿಯನ್ನು ಹುಡುಕಿಕೊಂಡರು.