ಶೈಲಾ ಹೊತ್ತುಕೊಂಡ ಸುಳ್ಳು

ಸುಳ್ಳು ಹೇಳಿದವಳು ನಾನು, ಶೈಲಾ. ಆ ಪುಸ್ತಕಗಳು ನಿನ್ನವಲ್ಲ, ನನ್ನವು — ಇಷ್ಟನ್ನು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ನಿನಗಿದು ಗೊತ್ತು. ಗೊತ್ತಿಲ್ಲದಿರುವುದು ನಿನ್ನಪ್ಪನಿಗೆ, ನಿನ್ನಣ್ಣನಿಗೆ.

ರಾಜಾಜಿನಗರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ನೀನಿನ್ನೂ ಪಿಯುಸಿ ಓದುತ್ತಿದ್ದೆ. ನಾನು ತರಕಾರಿಗೆಂದು ಹೋಗಿ, ಚೀಲದಲ್ಲಿ ಸೊಪ್ಪಿನ ಕೆಳಗೆ ಲೈಬ್ರರಿಯ ಪುಸ್ತಕ ಅಡಗಿಸಿ ತರುತ್ತಿದ್ದೆ. ಗಂಡ ಸತ್ತ ಮೇಲೂ ಕೋಟೆ ಬಿಟ್ಟುಕೊಡದ ರಾಣಿಯ ಕಾದಂಬರಿ. ತರಗತಿಯ ತುಂಬ ಗಂಡಸರಿರುವಾಗ ಒಬ್ಬಳೇ ಕೂತು ಡಾಕ್ಟರಿಕೆ ಕಲಿತವಳ ಜೀವನಚರಿತ್ರೆ. ಮಾವನವರು ಕಾರ್ಖಾನೆಯಿಂದ ಬರುವವರೆಗೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಓದುತ್ತಿದ್ದೆವು. ಸ್ಕೂಟರಿನ ಸದ್ದಾದರೆ ಸಾಕು, ಪುಸ್ತಕ ಅಕ್ಕಿ ಡಬ್ಬದೊಳಗೆ.

ಒಮ್ಮೆ ನೀನು ಕೇಳಿದೆ: “ಅತ್ತಿಗೆ, ಇವರ ಅಪ್ಪಂದಿರೆಲ್ಲ ಸುಮ್ನೆ ಇದ್ರಾ?”

“ಸುಮ್ನೆ ಎಲ್ಲಿರ್ತಾರೆ ಕಣೇ. ಇವರು ಕೇಳ್ಲಿಲ್ಲ, ಅಷ್ಟೆ.”

ಎಷ್ಟು ಸಲೀಸಾಗಿ ಹೇಳಿಬಿಟ್ಟೆ — ನೀನು ಅದನ್ನು ನಂಬಿದೆ.

ನಿನ್ನ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಹೇರೋಹಳ್ಳಿಯ ಸಂಬಂಧ ಬಂತು. ಗಂಡಿನ ಕಡೆಯವರ ಎದುರಿಗೇ ನೀನು “ಡಿಗ್ರಿ ಮುಗೀದೆ ಮದ್ವೆ ಆಗಲ್ಲ” ಎಂದುಬಿಟ್ಟೆ. ಅವರು ಅರ್ಧ ಕಾಫಿ ಬಿಟ್ಟು ಎದ್ದುಹೋದರು. ಮಾವನವರು ಬಾಗಿಲು ಹಾಕಿಕೊಂಡು ಬಂದು ಸೀದಾ ನಿನ್ನ ಕೋಣೆಗೆ ಹೋದರು. ನೀನು ಹಿಂದಿನ ದಿನವಷ್ಟೇ ನನ್ನಿಂದ ತೆಗೆದುಕೊಂಡಿದ್ದ ಮೂರು ಪುಸ್ತಕ ಹಾಸಿಗೆಯಡಿ ಸಿಕ್ಕವು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಪುಸ್ತಕಗಳನ್ನು ಊಟದ ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

“ಯಾರಮ್ಮಾ ಇವನ್ನ ತಂದಿದ್ದು?”

“ಶೈಲಂದೇ ಮಾವ. ಕಾಲೇಜಿಂದ ತಂದಿರ್ಬೇಕು. ನಾನು ಇವೆಲ್ಲ ಓದಲ್ಲ.”

ನೀನು ನನ್ನನ್ನು ನೋಡಿದೆ. ಕೋಪದಿಂದಲ್ಲ — ನಾನು ಇನ್ನೇನೋ ಹೇಳುತ್ತೇನೆಂದು ಕಾಯುತ್ತಿರುವ ಹಾಗೆ. ನಾನು ಹೇಳಲಿಲ್ಲ. ಆಮೇಲೆ ನೀನು ತಲೆ ತಗ್ಗಿಸಿ “ಹೂಂ ಅಪ್ಪ, ನಂದೇ” ಎಂದೆ.

ಮುಂದಿನದು ನಿನಗೂ ತಿಳಿಯದು. ನನ್ನ ಹೆಸರಿನ ಲೈಬ್ರರಿ ಕಾರ್ಡು ಸಾಸಿವೆ ಡಬ್ಬಿಯ ಹಿಂದಿತ್ತು. ನೀನು ಹಾಲಿನಲ್ಲಿ ನಿಂತು ಬೈಸಿಕೊಳ್ಳುತ್ತಿದ್ದಾಗ ನಾನು ಅದನ್ನು ಒಲೆಗೆ ಹಿಡಿದು ಸುಟ್ಟೆ. ಬೆರಳು ಸುಟ್ಟಿತು. ವಾಸನೆ ಹೊರಗೆ ಹೋದರೆ ಎಂಬ ದಿಗಿಲಿಗೆ ಬೇಡದಿದ್ದ ಒಗ್ಗರಣೆ ಹಾಕಿದೆ. ಮೆಣಸಿನಕಾಯಿ ಘಾಟಿಗೆ ನೀನು ಕೆಮ್ಮಿದ್ದು ಕೇಳಿಸಿತು —

ಸೋಮವಾರದಿಂದ ನಿನ್ನ ಕಾಲೇಜು ನಿಂತಿತು. ಅದೇ ಸಂಬಂಧವನ್ನು ಮತ್ತೆ ಕಾಡಿಬೇಡಿ ಕರೆಸಿದರು. ಎರಡೇ ತಿಂಗಳಲ್ಲಿ ಮದುವೆ. ನಿನ್ನ ಜಡೆಗೆ ಹೂ ಮುಡಿಸಿದವಳು ನಾನೇ.

ಹೆಗ್ಗನಹಳ್ಳಿಯಲ್ಲಿ ನನ್ನಣ್ಣನ ಒಂದು ಕೋಣೆಯ ಮನೆಯಲ್ಲಿ ಅಮ್ಮ ಇದ್ದಳು, ಇಲ್ಲಿಂದ ಹೊರಹಾಕಿದರೆ ನಾನು ಹೋಗುವುದೆಲ್ಲಿಗೆ — ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಹೊರಹಾಕುತ್ತೇನೆಂದು ಮಾವನವರು ಯಾವತ್ತೂ ಅಂದಿರಲಿಲ್ಲ. ಹೆದರಿಕೆಯೆಲ್ಲ ನನ್ನದೇ. ಅದರ ಬೆಲೆ ಮಾತ್ರ ನಿನ್ನದು.

ಹೋದ ತಿಂಗಳು ನೀನು ಮಗಳನ್ನು ಕರೆದುಕೊಂಡು ಬಂದಾಗ ಅಡುಗೆಮನೆಯಲ್ಲಿ ನನ್ನ ಪುಸ್ತಕ ನೋಡಿದೆ. “ಈಗ್ಲೂ ಓದ್ತೀರಾ ಅತ್ತಿಗೆ? ಓದಿ. ನಂಗೆ ಪುಸ್ತಕ ಹಿಡಿದ್ರೆ ಅಪ್ಪನ ಮುಖಾನೇ ಬರತ್ತೆ, ಬಿಟ್ಬಿಟ್ಟೆ” ಎಂದು ನಕ್ಕೆ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇವತ್ತು ಭಾನುವಾರ, ನೀವೆಲ್ಲ ಊಟಕ್ಕೆ ಬರುತ್ತೀರಿ. ಮಾವನವರು ಹಾಲಿನಲ್ಲಿದ್ದಾರೆ. ಎಪ್ಪತ್ತಾದರೂ ಅವರು ಗಂಟಲು ಸರಿಮಾಡಿಕೊಂಡರೆ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಮಾತು ತಪ್ಪಿಹೋಗದಿರಲೆಂದು ಇದನ್ನು ಬರೆದುಕೊಂಡಿದ್ದೇನೆ. ನೀನು ಕ್ಷಮಿಸು ಎಂದು ಕೇಳುವುದಿಲ್ಲ. ಅವರ ಮುಂದೆ, ನಿನ್ನಣ್ಣನ ಮುಂದೆ, ನಿನ್ನ ಮಗಳ ಮುಂದೆ ನಿಂತು ಹೇಳುತ್ತೇನೆ.

ಗೇಟು ತೆರೆದ ಸದ್ದು. ನೀನೇ ಇರಬೇಕು. ಏಳುತ್ತಿದ್ದೇನೆ, ಶೈಲಾ.